ಮಣ್ಣಿನ ರ

ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಮುಂದೆ ಇನ್ನೊಂದು, ಬಸ್ಸು ಸಂದು ಮಾಡಿಕೊಂಡು ಪಕ್ಕಕ್ಕೆ ನುಗ್ಗಿದಾಗ ಸೋಗೆ ಕಿಟಕಿಯ ಸರಳಿಗೆ ಸರ್ರನೆ ಉಜ್ಜಿತು, ರಂಜಿತ ಥಟ್ಟನೆ ಮಗಳ ಮುಖಕ್ಕೆ ಕೈ ಅಡ್ಡ ಹಿಡಿದಳು — ಹಿಡಿದ ಮೇಲೆ ಆ ಕೈಯನ್ನು ತಾನೇ ನೋಡಿದಳು, ಎಷ್ಟು ಬೇಗ ಬಂತಲ್ಲ ಈ ಕೈ, ಯಾರೂ ಹೇಳಿಕೊಡಬೇಕಾಗಲಿಲ್ಲ, ಬೆಳಿಗ್ಗೆ ಎಲ್ಲಿಗೆ ಹೋಗಿತ್ತು, ಬೆಳಿಗ್ಗೆ ಸೆರಗು ಸರಿಮಾಡಿಕೊಳ್ಳುತ್ತ ನಿಂತಿತ್ತು. ಇಂಚರ ಹೆದರಲೂ ಇಲ್ಲ, ಬೆಚ್ಚಲೂ ಇಲ್ಲ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ನೆಟ್ಟಗೆ ಕೂತಿದ್ದಾಳೆ, ಕ್ಲಾಸಿನಲ್ಲಿ ಕೂರುವ ಹಾಗೆ. ಮದ್ದೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ಮಗು ಒಂದು ಸಲವೂ ಅಮ್ಮ ಅಂದಿಲ್ಲ. ನೀರು ಬೇಕಾದಾಗ ಮಿಸ್, ನೀರು ಅಂದಳು. ರಂಜಿತ ಬಾಟಲಿ ಬಿಚ್ಚಿ ಕೊಟ್ಟಳು, ಮರೆತು ಅಂದಿರಬೇಕು ಅಂದುಕೊಂಡಳು, ಬೆಳಗಿನಿಂದ ಸ್ಕೂಲಲ್ಲೇ ಇತ್ತಲ್ಲ, ನಾಲಿಗೆಗೆ ಅದೇ ಬಂದಿರಬೇಕು. ಕುಡಿದಾದ ಮೇಲೆ ಮಗು ಬಾಟಲಿ ವಾಪಸು ಕೊಡುತ್ತ ಥ್ಯಾಂಕ್ಯೂ ಮಿಸ್ ಅಂದಿತು. ಆಮೇಲೆ ಅಂದುಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ.

ಮಿಸ್ ಅನ್ನು, ಅಮ್ಮ ಅನ್ನಬೇಡ — ಹೇಳಿಕೊಟ್ಟವಳು ತಾನೇ, ಜೂನ್ ತಿಂಗಳಲ್ಲಿ, ಸ್ಕೂಲಿನ ಗೇಟಿನ ಹತ್ತಿರ ಬಗ್ಗಿ, ಹೊಸ ಶೂಗೆ ಲೇಸು ಕಟ್ಟುತ್ತ, ಒಳಗೆ ಹೋದ ಮೇಲೆ ನಾನು ಅಮ್ಮ ಅಲ್ಲ ಪುಟ್ಟಿ, ಎಲ್ಲರಿಗೂ ಹೇಗೋ ನಿನಗೂ ಹಾಗೇ, ರಂಜಿತ ಮಿಸ್. ಅದು ತಪ್ಪೇನಲ್ಲ, ಹೆಡ್‌ಮಿಸ್ ಕನಕಲಕ್ಷ್ಮಿಯವರೇ ಹೇಳಿದ್ದರು, ನೀವು ಎಲ್‌ಕೆಜಿ ತಗೊಳ್ತೀರಿ, ನಿಮ್ಮ ಮಗಳೂ ಎಲ್‌ಕೆಜಿ, ನಾಳೆ ಪೇರೆಂಟ್ಸು ಒಂದು ಮಾತು ಆಡಬಾರದು ನೋಡಿ. ಮಗುವಿಗೆ ಬರಲಿಲ್ಲ. ಬಿದ್ದರೆ ಅಮ್ಮ, ಒಂದಕ್ಕೆ ಬಂದರೆ ಅಮ್ಮ, ಡಬ್ಬಿಯ ಮುಚ್ಚಳ ತೆಗೆಯಲಾಗದಿದ್ದರೆ ಅಮ್ಮ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಸುತ್ತ ನೋಡುವುದು, ಮಿಕ್ಕ ಮಕ್ಕಳು ಗೊಳ್ಳೆಂದು ನಗುವುದು, ರಂಜಿತ ಕಣ್ಣು ದೊಡ್ಡದು ಮಾಡುವುದು. ಆರೇಳು ತಿಂಗಳು ಹೀಗೇ ನಡೆಯಿತು. ಇವತ್ತು ಒಂದು ಸಲವೂ ತಪ್ಪಲಿಲ್ಲ ಮಗು, ಪಾಠ ಗಟ್ಟಿಯಾಯಿತು.

ಪಾಠ ಗಟ್ಟಿ ಮಾಡುವುದರಲ್ಲಿ ರಂಜಿತ ಮಿಸ್‌ಗೆ ಹೆಸರಿದೆ. ಮದ್ದೂರಿನಲ್ಲಿ ಮಕ್ಕಳ ಅಕ್ಷರ ನೋಡಿ ಇದು ರಂಜಿತ ಮಿಸ್ ಕ್ಲಾಸು ಅನ್ನುವವರಿದ್ದಾರೆ, ಅಷ್ಟು ಗುಂಡಗೆ, ಗೆರೆಯ ಮೇಲೆ ಗುಬ್ಬಿ ಕೂತ ಹಾಗೆ. ಅದೇನು ಮಾಡ್ತೀರಿ ಮಿಸ್ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿದರೆ ಅವಳು ಬೋರ್ಡಿನ ಮುಂದೆ ನಿಂತು ಹೇಳುತ್ತಾಳೆ, ಮೊದಲು ಕೈ, ಆಮೇಲೆ ಅಕ್ಷರ, ಬೆರಳಿಗೆ ಬಲ ಬರದೆ ಪೆನ್ಸಿಲ್ ಕೊಡಬೇಡಿ, ಅವರೆಕಾಯಿ ಕಾಲದಲ್ಲಿ ಕಾಳು ಹಿತುಕಲು ಬಿಡಿ, ಚಪಾತಿ ಹಿಟ್ಟು ನಾದಲಿ, ಮಣಿ ಪೋಣಿಸಲಿ, ಒಣಗಿದ ಬಟ್ಟೆಯ ಕ್ಲಿಪ್ಪು ಮಕ್ಕಳೇ ತೆಗೆಯಲಿ, ಮರಳಿನಲ್ಲಿ ಬೆರಳಾಡಿಸಲಿ, ಹೊಡೆಯಬೇಡಿ, ಹೋಲಿಸಬೇಡಿ, ಒಂದೊಂದು ಕೈ ಒಂದೊಂದು ಹೊತ್ತಿಗೆ ಬಲಿಯುತ್ತೆ. ಎಷ್ಟು ಚೆನ್ನಾಗಿ ಹೇಳುತ್ತಾಳೆ. ಹಿಂದಿನ ಬೆಂಚಿನಲ್ಲಿ ಕೂತ ತಾಯಂದಿರು ತಲೆದೂಗುತ್ತಾರೆ, ಒಬ್ಬಳು ಕಣ್ಣೊರೆಸಿಕೊಂಡದ್ದೂ ಉಂಟು. ಅದೇ ಬಾಯಿ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಹಿಡಿ, ಸರಿಯಾಗಿ ಹಿಡಿ, ಹೆಬ್ಬೆರಳು ಒಳಗೆ ಮಡಚಬೇಡ ಅಂದ್ನಲ್ಲ, ಆಚೆ ತೆಗಿ — ಇಂಚರ ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಹೆಬ್ಬೆರಳು ತಾನಾಗಿ ಅಂಗೈಯೊಳಕ್ಕೆ ಹೋಗಿ ಅವಿತುಕೊಳ್ಳುತ್ತದೆ, ಗೆರೆ ಸ್ಲೇಟಿನ ಅಂಚು ದಾಟಿ ನೆಲಕ್ಕಿಳಿಯುತ್ತದೆ, ರಂಜಿತ ಆ ಪುಟ್ಟ ಬೆರಳುಗಳ ಮೇಲೆ ತನ್ನ ಬೆರಳು ಒತ್ತಿ ಹಿಡಿದು ತೀಡಿಸುತ್ತಾಳೆ, ಬೆರಳ ತುದಿ ಬೆಳ್ಳಗಾಗುವವರೆಗೆ. ಮಂಡ್ಯದ ಡಾಕ್ಟರು ಕೈ ಹಿಡಿದು ನೋಡಿ ನಕ್ಕುಬಿಟ್ಟಿದ್ದರು, ನೀವೇ ಮಿಸ್ಸಂತೆ, ನಿಮಗೆ ನಾನೇನು ಹೇಳಲಿ, ರೋಗ ಅಲ್ಲ ರುಜಿನ ಅಲ್ಲ, ಕೈಯ ಸಣ್ಣ ಸ್ನಾಯು ಸ್ವಲ್ಪ ನಿಧಾನ, ಹಿಟ್ಟು ಮಣ್ಣು ಕೊಡಿ, ಆಡಲಿ, ಬಂದೇ ಬರುತ್ತೆ. ಹಿಟ್ಟು ಕೊಟ್ಟದ್ದು ಅತ್ತೆ ಯಶೋದಮ್ಮ. ಚಪಾತಿ ಮಾಡುವಾಗಲೆಲ್ಲ ಒಂದು ಉಂಡೆ ಮೊಮ್ಮಗಳಿಗೆ, ಹಾವು ಮಾಡು ಕೂಸೆ, ಬಳೆ ಮಾಡು. ಬುಡು ರಂಜಿತಾ, ಯಾಕಂಗೆ ಕೈ ಇಸ್ಕೀಯ, ನಿನ್ ಗಂಡ ಎರಡ್ನೇ ಕ್ಲಾಸ್ ಗಂಟ ನೆಟ್ಗೆ ಒಂದಕ್ಸರ ಬರೀನಿಲ್ಲ, ಈಗ ಕಂಬ ಅತ್ತಿ ವೈರ್ ಕಟ್ಟಾಕಿಲ್ವಾ ನನ್ಮಗ. ಸ್ವರೂಪ್ ಲೈನ್‌ಮನ್, ಅವನು ನಗುತ್ತಾನೆ, ಅವನಿಗೇನು, ಅವನ ಕಂಬ ನೋಡಿ ಯಾರು ಅವನ ಮಗಳನ್ನು ಅಳೆಯುತ್ತಾರೆ, ಮಿಸ್ಸಿನ ಮಗಳಿಗೇ ಅಕ್ಷರ ಬರೋಲ್ವಂತೆ ಅನ್ನುವ ಮಾತು ಬಂದರೆ ತನ್ನ ಬಾಗಿಲಿಗೆ ತಾನೇ ಬರುವುದು.

ಬರಲಿಲ್ಲ ಆ ಮಾತು. ಬರುವುದಕ್ಕೆ ಮುಂಚೆ ತಾನೇ ಎದುರು ಹೋಗಿ — ಟ್ರ್ಯಾಕ್ಟರು ಪಕ್ಕಕ್ಕೆ ಸರಿಯಿತು, ಬಸ್ಸು ಒಮ್ಮೆಗೇ ಓಡಿತು, ನಾಲೆಯ ನೀರು ಬಿಸಿಲಿಗೆ ಹೊಳೆಯಿತು, ಸಂಕ್ರಾಂತಿ ಕಳೆದದ್ದೇ ಬಿಸಿಲು ಚುರುಗುಟ್ಟುತ್ತಿದೆ. ಬೆಳಿಗ್ಗೆ ಸ್ಕೂಲಿನ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು, ಮುಂದಿನ ವರ್ಷ ಮಕ್ಕಳನ್ನು ಸೇರಿಸುವವರು ಬಂದು ನೋಡಲಿ ಅಂತ ಕನಕಲಕ್ಷ್ಮಿಯವರ ಯೋಚನೆ, ಮಕ್ಕಳು ಕೂತು ಮಾಡುವುದನ್ನು ಕಣ್ಣಾರೆ ನೋಡಲಿ, ಒಂದು ಮೇಜಿನಲ್ಲಿ ಮಣಿ, ಒಂದರಲ್ಲಿ ಮರಳಿನ ತಟ್ಟೆ, ಬಾಗಿಲಿಗೆ ನೇರವಾಗಿ ಸ್ಲೇಟು, ಮೂಲೆಯಲ್ಲಿ ಜೇಡಿಮಣ್ಣು. ಸ್ಲೇಟಿಗೆ ಚೆನ್ನಾಗಿ ಬರೆಯುವವರನ್ನ ಕೂರಿಸಿ ರಂಜಿತ, ಅಂದರು ಕನಕಲಕ್ಷ್ಮಿ, ನಿಮ್ಮ ಮಗಳನ್ನ — ಅಂತ ನಿಲ್ಲಿಸಿದರು. ಮಣ್ಣಿಗೆ ಕೂರಿಸ್ತೀನಿ ಮಿಸ್, ಅಂತ ತಾನೇ ಮುಗಿಸಿದಳು. ಅವರು ಬೇಡ ಅನ್ನುವುದಕ್ಕಿಂತ ಮುಂಚೆ ತಾನೇ ಬೇಡ ಅಂದರೆ ಮರ್ಯಾದೆ ಉಳಿಯುತ್ತದಂತೆ, ಯಾವ ಮರ್ಯಾದೆ. ಇಂಚರಳಿಗೆ ಸಂತೋಷವೇ ಆಯಿತು, ಮಣ್ಣೆಂದರೆ ಜೀವ, ನಾಲಿಗೆ ತುದಿ ಆಚೆ ಹಾಕಿಕೊಂಡು ಉದ್ದಕ್ಕೆ ಹಾವು ಹೊಸೆಯುತ್ತ ಕೂತಳು.

ಆತಗೂರಿನ ಕಡೆಯವರು, ಪುಟ್ಟಸ್ವಾಮಿ ಅಂತ, ಗರಿಗರಿ ಬಿಳಿ ಶರಟು, ಹೆಗಲ ಮೇಲೆ ಟವೆಲ್ಲು, ಒಬ್ಬರೇ ಬಂದಿದ್ದರು. ಮಿಕ್ಕವರೆಲ್ಲ ಸ್ಲೇಟಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರೆ ಈ ಮನುಷ್ಯ ನೇರ ಮೂಲೆಗೆ ಹೋದರು, ಪಂಚೆ ಎತ್ತಿ ಕಟ್ಟಿ ಇಂಚರಳ ಪಕ್ಕ ಕುಕ್ಕರಗಾಲಲ್ಲಿ ಕೂತರು, ಜೇಬಿನಿಂದಲೋ ನೆಲದಿಂದಲೋ ಒಂದು ಚಾಕ್‌ಪೀಸ್ ತೆಗೆದು, ಏನಾರ ಬರಿ ಕೂಸೆ ನೋಡವ ಅಂದರು. ಇಂಚರ ಚಾಕ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದಳು, ಹೆಬ್ಬೆರಳು ಒಳಗೆ. ನೆಲದ ಮೇಲೆ ಗೀರು ವಾಲಾಡಿಕೊಂಡು ಹೊರಟಿತು, ಚಾಕ್‌ಪೀಸ್ ಲಟಕ್ಕನೆ ಮುರಿಯಿತು. ಆ ಸದ್ದು ಕೇಳಿಸುವಷ್ಟು ದೊಡ್ಡದೇನಲ್ಲ, ಆದರೆ ರಂಜಿತ ಬಾಗಿಲ ಹತ್ತಿರದಿಂದಲೇ ಕೇಳಿಸಿಕೊಂಡಳು, ಅಷ್ಟು ಹೊತ್ತಿಗೆ ಅವಳ ಕಾಲು ಅಲ್ಲಿಗೆ ಹೋಗಿಬಿಟ್ಟಿತ್ತು, ಕನಕಲಕ್ಷ್ಮಿಯವರೂ ಬಂದು ನಿಂತಿದ್ದರು. ಪುಟ್ಟಸ್ವಾಮಿ ಮುರಿದ ತುಂಡನ್ನು ಆರಿಸಿಕೊಳ್ಳುತ್ತ ಕೇಳಿದರು, ಇದ್ಯಾಕವ್ವ, ಈ ಮಗೀಗೆ ಕೈ ಸ್ವಾದೀನ ಇಲ್ವಾ, ಯಾರ್ ಕೂಸು ಇದು? ಕನಕಲಕ್ಷ್ಮಿ ಅವಳ ಮುಖ ನೋಡಿದರು. ಅಷ್ಟೇ, ನೋಡಿದರು, ಅವರ ಮೇಲೆ ಹಾಕುವಂತಿಲ್ಲ. ನನ್ನ ಮಗಳು — ಎರಡೇ ಮಾತು, ಬಾಯಿ ತೆರೆದರೆ ತಾನಾಗಿ ಬರುವ ಮಾತು, ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎಷ್ಟು ಸಲ ಅಂದಿಲ್ಲ. ಹೊಸದಾಗಿ ಸೇರಿರೋ ಮಗು ಸರ್, ಅಂದಳು ರಂಜಿತ. ಅಲ್ಲಿಗಾದರೂ ಬಾಯಿ ಮುಚ್ಚಬಾರದಿತ್ತೆ. ನಗು ಬೇರೆ ತಂದುಕೊಂಡು, ಮನೇಲಿ ಏನೂ ಅಭ್ಯಾಸ ಮಾಡಿಸಿಲ್ಲ ಸರ್, ಕೆಲವರು ತಾಯಂದಿರು ಹಾಗೇ, ಹೆತ್ತು ನಮ್ಮ ಕೈಗೆ ಕೊಟ್ಟುಬಿಡ್ತಾರೆ. ಕೆಲವರು ತಾಯಂದಿರು. ಎಲ್ಲಿಂದ ಬಂತು ಆ ದನಿ, ಮೈಕಿನ ಮುಂದೆ ಮಾತಾಡುವ ದನಿ.

ಆಗಲೇ ಇಂಚರ ಎದ್ದು ನಿಂತಿದ್ದಳು. ಅವಳಿಗೆ ಚಾಕ್‌ಪೀಸಿನ ಯೋಚನೆಯೇ ಇರಲಿಲ್ಲ, ಅವಳಿಗೆ ತೋರಿಸುವುದಿತ್ತು, ಬಲಗೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಣ್ಣಿನ ರ — ಹಾವನ್ನು ಸುತ್ತಿ ಉಂಗುರ ಮಾಡಿ, ಮೇಲೆ ಚೋಟುದ್ದ ತಲೆಕಟ್ಟು, ಅದು ಬೀಳದ ಹಾಗೆ ಎಡಗೈಯ ಒಂದು ಬೆರಳು ಒತ್ತಿ ಹಿಡಿದು. ರ. ಕ್ಲಾಸಿನಲ್ಲಿ ಮೊದಲು ಕಲಿಸುವುದೇ ಅದನ್ನ, ನಿನ್ನ ಹೆಸರಿನ ಕೊನೆಗೂ ರ, ನನ್ನ ಹೆಸರಿನ ಮೊದಲಿಗೂ ರ, ಅಂತ ಮಲಗಿಸುವಾಗ ಎಷ್ಟು ಸಲ ಹೇಳಿದ್ದಳು, ಮಗು ಹುಟ್ಟಿ ಇಷ್ಟು ದಿನಕ್ಕೆ ಕೈಯಾರೆ ಮಾಡಿದ ಮೊದಲನೇ ಅಕ್ಷರ. ಬಾಯಿ ತೆರೆದಿದ್ದಳು ಇಂಚರ, ಅಮ್ಮ ಅನ್ನುವುದಕ್ಕೇ ತೆರೆದದ್ದು, ತುಟಿ ಹಾಗೇ ಇತ್ತು, ರಂಜಿತಳಿಗೆ ಗೊತ್ತಾಯಿತು ಅದು ಬರುತ್ತದೆ ಅಂತ, ಈಗ ಬಂದರೆ ಎಲ್ಲ ಮುಗಿಯಿತು ಅಂತ, ಕಣ್ಣು ದೊಡ್ಡದು ಮಾಡಿದಳು. ತುಟಿ ಮುಚ್ಚಿತು. ಮತ್ತೆ ತೆರೆಯಿತು. ಮಿಸ್, ರ, ಅಂದಿತು ಮಗು. ಹೋಗಮ್ಮ, ನಿನ್ನ ಜಾಗಕ್ಕೆ ಹೋಗು ಅಂದಳು ರಂಜಿತ. ಪುಟ್ಟಸ್ವಾಮಿ ಮಗುವನ್ನು ನೋಡಿದರು, ಇವಳನ್ನು ನೋಡಿದರು, ಮತ್ತೆ ಮಗುವನ್ನು ನೋಡಿದರು, ಮಂಡಿ ಹಿಡಿದುಕೊಂಡು ಎದ್ದರು. ನಮ್ ಮೊಮ್ಮಗ್ಳೂ ಇಂಗೇಯ ಕಣವ್ವ, ಅಂದರು, ಐದಕ್ಕೆ ಬಿದ್ದವ್ಳೆ, ಬೆಳ್ಳಲ್ಲಿ ಬಲ ಇಲ್ಲ, ಗುಂಡಿ ಆಕ್ಕಳಕ್ಕೂ ಆಗಾಕಿಲ್ಲ, ಇಂತಾ ಕೂಸ್ಗೊಳ್ನ ನೀವು ಚೆನ್ನಾಗ್ ನೋಡ್ಕತೀರಿ ಅಂದ್ರು ಯಾರೋ, ಅದ್ಕೇ ಕೇಳ್ದೆ. ಅವಳಿಗೆ ಏನೋ ಹೇಳಬೇಕೆನಿಸಿತು, ಕರೆತನ್ನಿ ಸರ್, ಬಂದೇ ಬರುತ್ತೆ ಸರ್, ಏನಾದರೂ, ಮೊದಲಿನ ಸುಳ್ಳೇ ಅಡ್ಡ ಕೂತಿತ್ತು. ತಾಯಂದಿರ್ ತಪ್ಪು ಅನ್ನಿ ಅಂಗಾರೆ, ಅಂದರು ಅವರು, ನಮ್ ಸೊಸೆ ದಿನಾ ಕುಂತ್ಕೊಂಡ್ ಅಳ್ತದೆ, ಒಸಿ ಆಯಮ್ಮಂಗೂ ಏಳ್ತೀನಿ. ಬತ್ತೀನಿ. ಅರ್ಜಿ ಕೇಳದೆ ಹೊರಟೇಹೋದರು. ಒಳ್ಳೇದೇ ಆಯ್ತು ಬಿಡಿ ರಂಜಿತ, ಅಂದರು ಕನಕಲಕ್ಷ್ಮಿ ತಗ್ಗಿದ ದನಿಯಲ್ಲಿ, ಸದ್ಯ, ನಿಮ್ಮ ಮಗಳು ಅಂತ ಗೊತ್ತಾಗಲಿಲ್ಲ.

ಆ ಸೊಸೆ ಯಾರೋ, ಈ ಹೊತ್ತಿಗೆ ಆತಗೂರಿನ ಯಾವ ಮನೆಯ ಹಜಾರದಲ್ಲೋ, ಮಾವ ಹೇಳುವುದನ್ನು ಕೇಳಿಸಿಕೊಳ್ಳುತ್ತಿರಬಹುದು, ಮದ್ದೂರಿನ ಮಿಸ್ಸು ಹಿಂಗಂದರು ಕಣಮ್ಮ, ತಾಯಂದಿರದೇ ತಪ್ಪಂತೆ — ಅವಳೂ ಮಗುವಿನ ಕೈ ಹಿಡಿದು ಒತ್ತಿ ತೀಡಿಸುತ್ತಾಳೋ ಇನ್ನು, ಬೆರಳ ತುದಿ ಬೆಳ್ಳಗಾಗುವವರೆಗೆ, ಆ ಒತ್ತೂ ತನ್ನದೇ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಕಾಲ ಬಳಿ ಅವರೆಕಾಯಿ ಚೀಲ ಇಟ್ಟುಕೊಂಡು ಆಗಿನಿಂದ ಇಂಚರಳನ್ನೇ ನೋಡುತ್ತಿತ್ತು, ಸೊಗಡಿನ ವಾಸನೆ, ಏನ್ ಚೆಂದಾಗ್ ಕುಂತದೆ ಕೂಸು, ಗಲಾಟೆ ಇಲ್ಲ ಗದ್ಲ ಇಲ್ಲ, ನಿಮ್ ಮಗಳಾ ಅವ್ವ? ದೇವರು ಇನ್ನೊಂದು ಸಲ ಕೇಳಿಸಿದ ಹಾಗಾಯಿತು ರಂಜಿತಳಿಗೆ, ಹೂಂ ಅನ್ನುವುದಕ್ಕೆ ಬಾಯಿ ತೆರೆದಳು, ಅಷ್ಟರಲ್ಲಿ ಇಂಚರ, ಒಳ್ಳೆಯ ಮಕ್ಕಳು ಪ್ರಶ್ನೆಗೆ ಉತ್ತರ ಹೇಳುವ ಹಾಗೆ, ಸ್ಪಷ್ಟವಾಗಿ, ಅಲ್ಲ ಅಜ್ಜಿ, ಇವ್ರು ನಮ್ ಮಿಸ್ಸು, ಅಂದಳು. ಓ ಮಿಸ್ಸಾ, ಅಂದಿತು ಅಜ್ಜಿ. ನನ್ನ ಮಗಳು ಅಜ್ಜಿ, ನನ್ನ ಮಗಳೇ, ತಮಾಷೆಗೆ ಹಾಗಂತಾಳೆ — ದನಿ ಏರಿತು, ಮುಂದಿನ ಸೀಟಿನವರು ತಿರುಗಿದರು, ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿತು, ಘಾಟಿ ಅದೆ ಮಗ. ಇಂಚರ ನಗಲಿಲ್ಲ. ರಂಜಿತಳ ಮುಖ ನೋಡುತ್ತಿದ್ದಳು, ಮುನಿಸಿನಿಂದ ಅಲ್ಲ, ಮುನಿಸಾಗಿದ್ದರೆ ಮುದ್ದು ಮಾಡಿ ಕಳೆಯಬಹುದಿತ್ತು, ಈಗ ಯಾವುದು ಸರಿಯುತ್ತರ ಅಂತ ನೋಡುತ್ತಿದ್ದಳು. ಪುಟ್ಟಿ, ಬೆಳಿಗ್ಗೆ ಮಾಡಿದ್ಯಲ್ಲ ರ, ಅದೆಲ್ಲಿ, ಅಂತ ಕೇಳಿದಳು ರಂಜಿತ. ಮಣ್ಣಿಗೆ ಹಾಕ್ದೆ, ಅಂದಿತು ಮಗು. ಯಾಕೆ? ಎಲ್ಲಾರೂ ಹಾಕಿದ್ರು. ಹೌದು, ಗಂಟೆ ಹೊಡೆದ ಮೇಲೆ ಎಲ್ಲ ಮಕ್ಕಳೂ ಮಾಡಿದ್ದನ್ನು ಒತ್ತಿ ಮುದ್ದೆ ಮಾಡಿ ಬಕೆಟ್ಟಿಗೆ ಹಾಕಬೇಕು, ಅದೂ ತನ್ನದೇ ಕಟ್ಟುನಿಟ್ಟು, ಆ ಬಕೆಟ್ಟಿನ ಮೇಲೆ ಒದ್ದೆ ಗೋಣಿ ಹೊದಿಸಿ ಬಂದದ್ದೂ ಇದೇ ಕೈ.

ತಮ್ಮೂರು ದೊಡ್ಡಿ ಬಂತು, ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆ, ಕಾಲೇಜು ಹುಡುಗರ ನೂಕಾಟ, ಮಳವಳ್ಳಿ ಮಳವಳ್ಳಿ ಅಂತ ಕಂಡಕ್ಟರ್ ಕೂಗುತ್ತಿದ್ದಾನೆ, ಮಗುವನ್ನು ಇಳಿಸಿಕೊಂಡು ಜ್ಯೂಸ್ ಅಂಗಡಿಯ ಪಕ್ಕ ನಿಂತಳು. ಮನೆ ಇಲ್ಲೇ ಎರಡು ಬೀದಿ ಆಚೆ, ಅತ್ತೆ ಒಲೆಯ ಮೇಲೆ ಎಸರಿಟ್ಟಿರುತ್ತಾರೆ, ಹೋಗುವುದಕ್ಕೆ ಕಾಲು ಬರಲಿಲ್ಲ. ಕನಕಲಕ್ಷ್ಮಿಗೆ ಫೋನ್ ಮಾಡಿದಳು, ಮಿಸ್, ಆ ಆತಗೂರಿನವರ ನಂಬರ್ ಇದೆಯಾ, ಬಂದವರದೆಲ್ಲ ಬರೆಸಿಕೊಂಡ್ರಲ್ಲ. ಯಾಕೆ ರಂಜಿತ, ಹೋಗಿದ್ದನ್ನ ಯಾಕೆ ಕೆದಕ್ತೀರಿ. ಕೊಡಿ ಮಿಸ್. ಕೊಟ್ಟರು. ಒತ್ತುವಾಗ ಎರಡು ಸಲ ತಪ್ಪಿತು, ಮೂರನೇ ಸಲ ಸೇರಿತು. ಯಾರು ಮಾತಾಡಾದು? ನಾನು ಸರ್, ರಂಜಿತ, ಮದ್ದೂರಿನ ಸ್ಕೂಲ್ ಮಿಸ್ಸು. ಊಂ, ಗ್ಯಾಪ್ಕ ಅದೆ. ಸರ್, ಆ ಮಗು, ಮಣ್ಣಲ್ಲಿ ಅಕ್ಷರ ಮಾಡಿತ್ತಲ್ಲ, ಹೊಸದಾಗಿ ಸೇರಿದ ಮಗು ಅಲ್ಲ, ಅದು ನನ್ನ ಮಗಳು ಸರ್. ಆ ಕಡೆ ಹಸುವಿನ ಕೊರಳ ಗಂಟೆ ಕೇಳಿಸಿತು, ಯಾರೋ ಬಕೆಟ್ಟು ಕೆಳಗಿಟ್ಟರು. ಗೊತ್ತು ಕಣವ್ವ, ಅಂದರು ಪುಟ್ಟಸ್ವಾಮಿ. ನಿನ್ ಮಖ್ವೇ ಅಚ್ ಆಕ್ದಂಗದೆ ಆ ಕೂಸ್ಗೆ, ಅದೇ ಅಣೆ, ಅದೇ ಗಲ್ಲ, ಅದ್ನ ಯಾರ್ ಏಳ್ಬೇಕು. ನೀನು ಅದ್ನ ನಂದಲ್ಲ ಅಂದಾಗ್ಲೇ ಎದ್ದಿದ್ದು ನಾನು. ಎತ್ತ ಕೂಸ್ನೇ ನಂದಲ್ಲ ಅನ್ನೋರು, ಅಯ್ಯೋ, ನಮ್ ಕೂಸ್ನ ಯಾವ್ ಮೂಲೇಲ್ ಕೂರ್ಸಾರು ಅನ್ನುಸ್ತು ಕಣವ್ವ. ಬಯ್ಯುವ ದನಿಯಲ್ಲ, ಇದ್ದದ್ದು ಹೇಳುವ ದನಿ, ಅದಕ್ಕೇ ತಡೆದುಕೊಳ್ಳಲಾಗಲಿಲ್ಲ. ತಪ್ಪಾಯ್ತು ಸರ್, ಅಂದಳು, ತಾಯಂದಿರದು ತಪ್ಪು ಅಂದದ್ದು ಸುಳ್ಳು, ನಿಮ್ಮ ಸೊಸೆಗೆ ಹೇಳಬೇಡಿ ಸರ್ ಅದನ್ನ, ಅವರದ್ದೇನೂ ತಪ್ಪಿಲ್ಲ, ಹಿಟ್ಟು ಕೊಡಿ, ಅವರೆಕಾಳು ಹಿತುಕಲಿ, ಕರ್ಕೊಂಡು ಬನ್ನಿ, ನನ್ನ ಮಗಳ ಪಕ್ಕದಲ್ಲೇ — ಅಳು ಬಂದು ಮಾತು ಕಲಸಿಹೋಯಿತು. ನೋಡವ ಬುಡವ್ವ, ಅಂದರು ಪುಟ್ಟಸ್ವಾಮಿ, ಸೊಸೆಗೆ ಏನೂ ಏಳಿಲ್ಲ ಇನ್ನೂವ, ಏಳಾಕಿಲ್ಲ ಬುಡು. ಕೂಸೆಲ್ಲದೆ ಈಗ? ಇಲ್ಲೇ ಇದಾಳೆ ಸರ್, ಪಕ್ಕದಲ್ಲಿ. ಮತ್ತೆ ಈ ಮಾತ್ನೆಲ್ಲ ನಂಗ್ಯಾಕವ್ವ ಏಳ್ತಾ ಕುಂತಿದ್ದೀಯ, ಅದ್ಕೇಳು. ಫೋನ್ ಇಟ್ಟರು.

ಅದಕ್ಕೆ ಹೇಳಬೇಕು. ಬಸ್ಸುಗಳ ಧೂಳಿನಲ್ಲಿ, ಕಬ್ಬಿನ ಸಿಪ್ಪೆಯ ಮೇಲೆ ಮಂಡಿಯೂರಿದಳು, ಸ್ಕೂಲಿಗೆ ಹೋಗುವ ಸೀರೆ, ಹೋಗಲಿ, ಮಗಳ ಎರಡೂ ಭುಜ ಹಿಡಿದಳು. ಇಂಚರ, ನಾನು ನಿನ್ನ ಅಮ್ಮ. ಮಗು ತಲೆಯಾಡಿಸಿತು. ಮನೇಲೂ ಅಮ್ಮ, ಬಸ್ಸಲ್ಲೂ ಅಮ್ಮ, ಸ್ಕೂಲಲ್ಲೂ ಅಮ್ಮ, ಇನ್ಮೇಲೆ ಮಿಸ್ ಅನ್ನಬೇಡ, ಯಾರು ಏನಂದರೂ ಸರಿ. ಇಂಚರ ಯೋಚಿಸಿದಳು, ಹುಬ್ಬು ಗಂಟಿಕ್ಕಿ, ಲೆಕ್ಕ ಹಾಕುವ ಹಾಗೆ, ಬೇಗ ಅಮ್ಮ ಅಂದುಬಿಡಲಿ, ಅಂದು ಕತ್ತಿಗೆ ಜೋತು ಬೀಳಲಿ, ಇದೆಲ್ಲ ಇಲ್ಲಿಗೆ ಮುಗಿದುಹೋಗಲಿ ಅಂತ ರಂಜಿತ ಕಾದಳು. ಆ ತಾತ ಇದ್ದಾಗ್ಲೂನಾ? ಅಂತ ಕೇಳಿತು ಮಗು. ಹೂಂ, ಅಂದಳು, ಆಗಲೂ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು, ಆಗಲೂ. ಮಗು ಬ್ಯಾಗು ಸರಿಮಾಡಿಕೊಂಡು ರಸ್ತೆಯ ಕಡೆ ತಿರುಗಿತು, ರಂಜಿತ ಎದ್ದು ಅವಳ ಕೈ ಹಿಡಿದುಕೊಂಡಳು, ಉಗುರಿನ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು, ಬೆರಳುಗಳು ಅವಳ ಕೈಯೊಳಗೆ ಸುಮ್ಮನೆ ಇದ್ದವು, ಹಿಡಿದಿರಲಿಲ್ಲ. ಸೋಮವಾರ ಇದೆ, ಸೋಮವಾರ ಎಲ್ಲರ ಮುಂದೆ ಕರೆಯುತ್ತೇನೆ, ಮಣ್ಣು ಕೊಟ್ಟು ಮತ್ತೆ ಮಾಡು ಅನ್ನುತ್ತೇನೆ, ಮಾಡಿದ್ದನ್ನು ಮೇಜಿನ ಮೇಲಿಡುತ್ತೇನೆ — ಮಾಡಬಹುದು, ಮಾಡುತ್ತಾಳೆ, ಆದರೆ ಅದು ಸೋಮವಾರದ ರ, ಇವತ್ತಿನದು ಬೆಳಿಗ್ಗೆಯಲ್ಲೇ ಉಳಿದಿದೆ, ಹೋಗಮ್ಮ ನಿನ್ನ ಜಾಗಕ್ಕೆ ಹೋಗು ಅಂದ ಮೇಲೂ ಮಗು ಹೋಗಿರಲಿಲ್ಲ, ಕೇಳಿಸಲಿಲ್ಲವೇನೋ ಅಂತ, ಸರಿಯಾಗಿ ಕಾಣಲಿಲ್ಲವೇನೋ ಅಂತ, ಕೈಯನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿತ್ತು — ಚಾಚಿದ ಅಂಗೈ, ಅದರ ಮೇಲೆ ಒದ್ದೆ ಮಣ್ಣಿನ ರ, ತಲೆಕಟ್ಟು ಬೀಳದ ಹಾಗೆ ಒತ್ತಿ ಹಿಡಿದ ಒಂದು ಬೆರಳು, ಆ ಬೆರಳು ಈಗಲೂ ಹಾಗೇ ಒತ್ತಿ ಹಿಡಿದೇ ಇದೆ.